ಕೇಳಿದವರು ಉಳಿಸಿದ ಧಾರಾವಾಹಿ

ಕಿರಿಮಂಜೇಶ್ವರದ ಆಸುಪಾಸಿನಲ್ಲಿ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಈ ಹೊತ್ತು ರೇಡಿಯೋ ಹಾಕಿ ಕೂತ ನಿಮ್ಮೊಡನೆ ಇಂದು ಒಂದು ಟಿ.ವಿ. ಧಾರಾವಾಹಿಯ ವಿಷಯ ಮಾತಾಡುತ್ತೇನೆ. ಅದು ವಿಜ್ಞಾನ ಕಲ್ಪನೆಯ ಧಾರಾವಾಹಿ. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ದೂರದರ್ಶನದಲ್ಲಿ ಬರುತ್ತಿದ್ದ ‘ಸ್ಟಾರ್ ಟ್ರೆಕ್’ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಾನು ಹೇಳಹೊರಟದ್ದು ಅದಕ್ಕಿಂತಲೂ ಮೂರು ವರ್ಷ ಹಿರಿಯದು. ಹೆಸರು ‘ಡಾಕ್ಟರ್ ಹೂ’. ಇಂಗ್ಲೆಂಡಿನ ಬಿಬಿಸಿ ಅದನ್ನು 1963ರ ನವೆಂಬರ್ 23ರಂದು ಶುರು ಮಾಡಿತು. ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಮರುದಿನ ಅದು. ಆ ಆಘಾತದಲ್ಲಿ ಮೊದಲ ಕಂತು ಹಲವರ ಕಣ್ಣಿಗೆ ಬೀಳಲಿಲ್ಲ. ಮುಂದಿನ ಶನಿವಾರ ಅದನ್ನೇ ಇನ್ನೊಮ್ಮೆ ತೋರಿಸಿ ಆಮೇಲೆ ಎರಡನೆಯ ಕಂತಿಗೆ ಹೋದರು. ಅಲ್ಲಿಂದ ಈಚೆಗೆ ಅರವತ್ತು ವರ್ಷ ಕಳೆದಿವೆ. ನಾನು ಈ ಧಾರಾವಾಹಿಯ ಬಹುಕಾಲದ ಅಭಿಮಾನಿ. ಆ ಅಭಿಮಾನ ನನಗೆ ಕಲಿಸಿದ ಒಂದೇ ಒಂದು ಮಾತನ್ನು ಇಂದು ನಿಮ್ಮ ಮುಂದೆ ವಾದಿಸಬೇಕೆಂದಿದ್ದೇನೆ. ಪ್ರಸಾರವಾದ ಕಲೆಯನ್ನು ಕಾಪಾಡುವುದು ಪ್ರಸಾರ ಮಾಡಿದವರ ಕೆಲಸ ಎಂದು ನಾವೆಲ್ಲ ನೆಚ್ಚಿಕೊಂಡಿದ್ದೇವೆ. ಈ ಧಾರಾವಾಹಿಯ ಚರಿತ್ರೆ ಹಾಗೆ ಹೇಳುವುದಿಲ್ಲ. ಅದನ್ನು ಕಾಪಾಡಿದವರು ಮನೆಯಲ್ಲಿ ಕೂತು ನೋಡಿದವರು. ಇನ್ನೂ ಸರಿಯಾಗಿ ಹೇಳುವುದಾದರೆ, ಕೇಳಿದವರು.

ಮೊದಲು ಕಥೆ ಏನು ಎಂದು ತಿಳಿಸುತ್ತೇನೆ. ಒಬ್ಬ ಅಲೆಮಾರಿ. ಬೇರೆ ಗ್ರಹದವನು. ಹೆಸರಿಲ್ಲ, ಎಲ್ಲರೂ ಡಾಕ್ಟರ್ ಎನ್ನುತ್ತಾರೆ. ಅವನಿಗೊಂದು ವಾಹನವಿದೆ. ಹೊರಗಿನಿಂದ ನೋಡಿದರೆ ಅದು ಲಂಡನ್ನಿನ ಬೀದಿಯಲ್ಲಿ ಆಗ ಇರುತ್ತಿದ್ದ ನೀಲಿ ಬಣ್ಣದ ಪೋಲೀಸ್ ಪೆಟ್ಟಿಗೆ. ಇಬ್ಬರು ನಿಂತರೆ ತುಂಬಿಹೋಗುವಷ್ಟು ಚಿಕ್ಕದು. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ದೊಡ್ಡ ಬೆಳಕಿನ ಹಜಾರ. ಅದರಲ್ಲಿ ಕೂತು ಯಾವ ಕಾಲಕ್ಕೂ ಹೋಗಬಹುದು, ಯಾವ ಲೋಕಕ್ಕೂ ಹೋಗಬಹುದು. ಅವನ ಕೈಯಲ್ಲಿ ಆಯುಧವಿಲ್ಲ. ಮಾತು ಮತ್ತು ಬುದ್ಧಿ ಎರಡೇ ಬಂಡವಾಳ. ಆ ಕಾಲದಲ್ಲಿ ಈ ಧಾರಾವಾಹಿಗೆ ದುಡ್ಡು ಕಡಿಮೆ ಇತ್ತು. ರಾಕ್ಷಸರ ವೇಷಗಳು ರಬ್ಬರಿನವು, ಗೋಡೆಗಳು ಹಲಗೆಯವು. ಆದರೂ ಮಕ್ಕಳು ಹೆದರಿ ಸೋಫಾದ ಹಿಂದೆ ಅಡಗುತ್ತಿದ್ದರು ಎಂಬುದು ಅಲ್ಲಿ ಗಾದೆಯಂತಾಗಿದೆ. ಹೆದರಿಸಿದ್ದು ಯಾವುದು? ಮುಖ್ಯವಾಗಿ ಸದ್ದು. ಬಿಬಿಸಿಯಲ್ಲಿ ರೇಡಿಯೋಫೋನಿಕ್ ವರ್ಕ್‌ಶಾಪ್ ಎಂಬ ವಿಭಾಗವೊಂದಿತ್ತು. 1958ರಲ್ಲಿ ಅದನ್ನು ತೆರೆದದ್ದು ಮುಖ್ಯವಾಗಿ ರೇಡಿಯೋ ನಾಟಕಗಳಿಗೆ ಬೇಕಾದ ವಿಚಿತ್ರ ಧ್ವನಿಗಳಿಗಾಗಿ. ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ರಾನ್ ಗ್ರೇನರ್ ಬರೆದರು. ಅದಕ್ಕೆ ಜೀವ ಕೊಟ್ಟವರು ಆ ವಿಭಾಗದ ಡೀಲಿಯಾ ಡರ್ಬಿಶೈರ್. ಆಗ ಕೀಲಿಮಣೆ ಒತ್ತಿದರೆ ಬೇಕಾದ ನಾದ ಬರುವ ಯಂತ್ರಗಳಿರಲಿಲ್ಲ. ಒಂದು ತಂತಿ ಮೀಟಿದ ಸದ್ದನ್ನು ಟೇಪಿಗೆ ಹಿಡಿದು, ಅದರ ವೇಗ ಏರಿಸಿ ಇಳಿಸಿ ಒಂದೊಂದೇ ಸ್ವರ ಮಾಡಿದರು. ಆ ಟೇಪಿನ ಚೂರುಗಳನ್ನು ಬ್ಲೇಡಿನಿಂದ ಕತ್ತರಿಸಿ, ಒಂದರ ಬಾಲಕ್ಕೆ ಒಂದು ಅಂಟಿಸಿ ರಾಗ ಕಟ್ಟಿದರು. ನೀಲಿ ಪೆಟ್ಟಿಗೆ ಹೊರಡುವಾಗ ಏದುಸಿರು ಬಿಟ್ಟಂತೆ ಒಂದು ಸದ್ದು ಬರುತ್ತದೆ. ಬ್ರಯನ್ ಹಾಡ್ಜ್‌ಸನ್ ಎಂಬವರು ಹಳೆಯ ಪಿಯಾನೋದ ತಂತಿಯ ಮೇಲೆ ಮನೆಯ ಬೀಗದ ಕೈಯನ್ನು ಉಜ್ಜಿ ಮಾಡಿದ್ದು ಅದು. ಕಬ್ಬಿಣದ ಹುರಿ ಕಿತ್ತುಬರುವಂಥ ಆ ಧ್ವನಿಯನ್ನು ಇಂದಿಗೂ ಬಳಸುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಎರಡು ಸಂಗತಿ. ಕಥೆ ಒಬ್ಬ ಅಲೆಮಾರಿಯದು, ಅದರ ಶಕ್ತಿ ಬಹುಮಟ್ಟಿಗೆ ಧ್ವನಿಯಲ್ಲಿದೆ. ಇನ್ನು ಅದು ಇಷ್ಟು ವರ್ಷ ಬಾಳಿದ ಗುಟ್ಟಿಗೆ ಬರೋಣ. ಮೊದಲ ಡಾಕ್ಟರ್ ಆಗಿ ಅಭಿನಯಿಸಿದವರು ವಿಲಿಯಂ ಹಾರ್ಟ್‌ನೆಲ್. ಮೂರು ವರ್ಷದಲ್ಲಿ ಅವರ ಆರೋಗ್ಯ ಕೆಟ್ಟಿತು. ಮಾತು ನೆನಪಿನಲ್ಲಿ ನಿಲ್ಲದಾಯಿತು. ಮುಖ್ಯ ನಟ ಹೋದರೆ ಧಾರಾವಾಹಿ ಮುಗಿಯಬೇಕು. ಅಲ್ಲಿ ಮುಗಿಯಲಿಲ್ಲ. 1966ರ ಅಕ್ಟೋಬರ್ ಕೊನೆಯ ಶನಿವಾರ ಮುದುಕ ಡಾಕ್ಟರ್ ನೆಲಕ್ಕೆ ಕುಸಿದ. ಮುಖದ ಮೇಲೆ ಬೆಳಕು ಹಬ್ಬಿತು. ಬೆಳಕು ಇಳಿದಾಗ ಅಲ್ಲಿ ಬೇರೆ ಮುಖವಿತ್ತು. ಪ್ಯಾಟ್ರಿಕ್ ಟ್ರೌಟನ್ ಎಂಬ ನಟನ ಮುಖ. ಡಾಕ್ಟರನ ಜನಾಂಗದವರು ಸಾಯುವ ಹೊತ್ತಿನಲ್ಲಿ ಮೈ ಬದಲಿಸಿಕೊಳ್ಳುತ್ತಾರೆ ಎಂಬ ವಿವರಣೆಯನ್ನು ಮುಂದೆ ಕೊಟ್ಟರು. ಇಂಗ್ಲೆಂಡಿನ ನೋಡುಗರಿಗೆ ಇದು ಹೊಸದು. ನಮ್ಮ ಕರಾವಳಿಯಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಏನೂ ಹೊಸದಲ್ಲ. ಒಂದೇ ರಾತ್ರಿಯ ಆಟದಲ್ಲಿ ಕೃಷ್ಣನ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಂಡು ಮಾಡುವುದುಂಟು. ಸಂಜೆಯ ಎಳೆ ಕೃಷ್ಣ ಬೇರೆ, ನಡುರಾತ್ರಿಯ ಕೃಷ್ಣ ಬೇರೆ. ಇವನು ಯಾರೆಂದು ಗದ್ದೆಯಲ್ಲಿ ಕೂತ ಯಾರೂ ಕೇಳುವುದಿಲ್ಲ. ಕಿರೀಟ ಇಟ್ಟು ರಂಗಸ್ಥಳಕ್ಕೆ ಬಂದವನು ಕೃಷ್ಣ. ಅವನು ಹಿಂದಿನವನಿಗಿಂತ ಹೇಗೆ ಭಿನ್ನವಾಗಿ ಅರ್ಥ ಹೇಳುತ್ತಾನೆ, ಎಲ್ಲಿ ಮಿಗಿಲಾಗುತ್ತಾನೆ ಎಂಬುದೇ ನೋಡುವ ಸುಖ. ಡಾಕ್ಟರ್ ಪಾತ್ರವೂ ಹಾಗೆ ನಟರಿಂದ ನಟರಿಗೆ ದಾಟಿತು. ಟಾಮ್ ಬೇಕರ್ ಏಳು ವರ್ಷ ಮಾಡಿದರು. 2017ರ ಕೊನೆಗೆ ಜೋಡಿ ವಿಟ್ಟೇಕರ್ ಎಂಬ ನಟಿ ಆ ಪಾತ್ರಕ್ಕೆ ಬಂದರು. ಪಾತ್ರ ನಟರಿಗಿಂತ ದೊಡ್ಡದು ಎಂದು 1966ರ ಆ ಒಂದು ಕಂತು ಸ್ಥಾಪಿಸಿತು.

ಈಗ ನಿಮ್ಮನ್ನು ಒಂದು ನೋವಿನ ಸಂಗತಿಗೆ ಕರೆದುಕೊಂಡು ಹೋಗಬೇಕು. ಆ ಕಂತು ಇಂದು ಇಲ್ಲ. ಮುಖ ಬದಲಾದ ಕೆಲವು ಕ್ಷಣಗಳ ಚಿತ್ರ ಮಾತ್ರ ಇದೆ. ಬಿಬಿಸಿಯ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಆ ತುಣುಕನ್ನು ಬಳಸಿಕೊಂಡಿದ್ದರಿಂದ ಅಷ್ಟಾದರೂ ಸಿಕ್ಕಿದೆ. ಮೊದಲ ಆರು ವರ್ಷಗಳಲ್ಲಿ ಸುಮಾರು 250 ಕಂತುಗಳು ಪ್ರಸಾರವಾದವು. ಅವುಗಳಲ್ಲಿ 90ಕ್ಕೂ ಹೆಚ್ಚು ಕಂತುಗಳ ಚಿತ್ರ ಎಲ್ಲೂ ಇಲ್ಲ. ಬೆಂಕಿ ಬಿದ್ದದ್ದಲ್ಲ, ಕಳ್ಳತನವಾದದ್ದಲ್ಲ. ಬಿಬಿಸಿಯೇ ಅಳಿಸಿತು. ಅರವತ್ತರ ದಶಕದ ಕೊನೆಯಿಂದ ಎಪ್ಪತ್ತರ ದಶಕದ ಕೊನೆಯವರೆಗೆ ಈ ಅಳಿಸುವಿಕೆ ನಡೆಯಿತು. ಅವರನ್ನು ಬರಿದೇ ಬೈಯುವುದು ನ್ಯಾಯವಲ್ಲ. ಅವರಿಗೂ ಕಾರಣಗಳಿದ್ದವು. ಆಗಿನ ವಿಡಿಯೋ ಟೇಪು ಎರಡು ಅಂಗುಲ ಅಗಲ, ಬೆಲೆ ವಿಪರೀತ. ಒಂದು ಕಾರ್ಯಕ್ರಮ ಅಳಿಸಿ ಇನ್ನೊಂದನ್ನು ಅದರ ಮೇಲೆ ಹಿಡಿಯುವುದು ಮಿತವ್ಯಯ ಎನಿಸಿಕೊಂಡಿತ್ತು. ಕಲಾವಿದರ ಸಂಘದೊಡನೆ ಆಗಿದ್ದ ಒಪ್ಪಂದದಂತೆ ಮರುಪ್ರಸಾರಕ್ಕೆ ಮಿತಿ ಇತ್ತು. ಮತ್ತೆ ತೋರಿಸಲಾಗದ್ದನ್ನು ಇಟ್ಟುಕೊಂಡು ಏನು ಮಾಡುವುದು ಎಂಬುದು ಅವರ ಲೆಕ್ಕ. 1970ಕ್ಕೆ ಈ ಧಾರಾವಾಹಿಯೂ ಬಣ್ಣಕ್ಕೆ ಬಂತು. ಕಪ್ಪು ಬಿಳುಪಿನದನ್ನು ಕೊಳ್ಳುವವರು ಇಲ್ಲವಾದರು. ಹೊರದೇಶಗಳಿಗೆ ಮಾರಲೆಂದು ಮಾಡಿದ್ದ ಫಿಲಂ ಪ್ರತಿಗಳನ್ನೂ ಆಮೇಲೆ ನಾಶ ಮಾಡಿದರು. ಮನೆಯಲ್ಲಿ ಕೂತು ಹಳೆಯ ಕಾರ್ಯಕ್ರಮವನ್ನು ಬೇಕೆಂದಾಗ ನೋಡುವ ಕಾಲ ಬರುತ್ತದೆ ಎಂದು, ಕಾಲಪ್ರಯಾಣದ ಕಥೆ ಮಾಡುತ್ತಿದ್ದ ಆ ಸಂಸ್ಥೆ ಊಹಿಸಲಿಲ್ಲ. 1978ರ ಹೊತ್ತಿಗೆ ಬಿಬಿಸಿಯಲ್ಲಿ ನಿಜವಾದ ಅರ್ಥದ ಸಂಗ್ರಹಾಲಯ ರೂಪುಗೊಂಡಿತು. ಸ್ಯೂ ಮಾಲ್ಡೆನ್ ಎಂಬ ಅಧಿಕಾರಿ ಏನಿದೆ ಏನಿಲ್ಲ ಎಂದು ಪಟ್ಟಿ ಮಾಡತೊಡಗಿದರು. ಅದೇ ಕಾಲದಲ್ಲಿ ಇಯಾನ್ ಲೆವೀನ್ ಎಂಬ ಅಭಿಮಾನಿ ಬಿಬಿಸಿಯ ಬಾಗಿಲು ಬಡಿದು ಒಳಗೆ ಹೋದರು. ನಾಶಕ್ಕೆಂದು ಎತ್ತಿಟ್ಟಿದ್ದ ಸುರುಳಿಗಳಲ್ಲಿ ‘ಡಾಲೆಕ್’ ಎಂಬ ಯಂತ್ರರಾಕ್ಷಸರ ಮೊಟ್ಟಮೊದಲ ಕಥೆ ಇತ್ತು. ಅದು ಉಳಿಯಿತು.

ಹಾಗಾದರೆ ಅಳಿಸಿದ್ದು ಅಳಿದೇ ಹೋಯಿತೆ? ಇಲ್ಲಿಯೇ ನನ್ನ ವಾದದ ತಿರುಳು ಇದೆ. ಚಿತ್ರ ಹೋದ ಆ 90ಕ್ಕೂ ಹೆಚ್ಚು ಕಂತುಗಳಲ್ಲಿ ಪ್ರತಿಯೊಂದರ ಧ್ವನಿಯೂ ಇದೆ. ಒಂದೂ ಬಿಟ್ಟುಹೋಗಿಲ್ಲ. ಆ ಧ್ವನಿಯನ್ನು ಹಿಡಿದವರು ಹುಡುಗರು. ಶಾಲೆಗೆ ಹೋಗುವ ವಯಸ್ಸಿನವರು. ಅರವತ್ತರ ದಶಕದಲ್ಲಿ ಮನೆಯಲ್ಲಿ ವಿಡಿಯೋ ಹಿಡಿಯುವ ಯಂತ್ರ ಇರಲಿಲ್ಲ. ಸುರುಳಿ ಟೇಪಿನ ರೆಕಾರ್ಡರ್ ಕೆಲವು ಮನೆಗಳಲ್ಲಿತ್ತು. ಶನಿವಾರ ಸಂಜೆ ಕಾರ್ಯಕ್ರಮ ಶುರುವಾಗುವ ಮೊದಲು ಅದನ್ನು ಟಿ.ವಿ.ಯ ಎದುರು ತಂದಿಡಬೇಕು. ಸುರುಳಿ ಏರಿಸಬೇಕು. ಮೈಕನ್ನು ಟಿ.ವಿ.ಯ ಸ್ಪೀಕರಿಗೆ ತಾಗಿಸಿದಂತೆ ಹಿಡಿಯಬೇಕು. ಇಪ್ಪತ್ತೈದು ನಿಮಿಷ ಮನೆಯವರು ಕೆಮ್ಮಬಾರದು, ತಟ್ಟೆ ಸದ್ದು ಮಾಡಬಾರದು. ಹಾಗೆ ಹಿಡಿದ ಟೇಪಿನಲ್ಲಿ ಕೋಣೆಯ ಸದ್ದೂ ಬಂದು ಸೇರುತ್ತದೆ. ಗ್ರಹಾಂ ಸ್ಟ್ರಾಂಗ್ ಎಂಬ ಹುಡುಗ ಅದಕ್ಕೊಂದು ಉಪಾಯ ಕಂಡುಕೊಂಡ. ಮೈಕನ್ನೇ ಬಿಟ್ಟು, ಟಿ.ವಿ.ಯ ಒಳಗಿನಿಂದ ನೇರವಾಗಿ ತಂತಿ ಎಳೆದು ರೆಕಾರ್ಡರಿಗೆ ಜೋಡಿಸಿದ. ಅವನ ಟೇಪುಗಳು ಎಷ್ಟು ಶುದ್ಧವಾಗಿವೆ ಎಂದರೆ ಮುಂದೆ ಬಿಬಿಸಿಯೇ ಅವನ್ನು ಕೇಳಿ ಪಡೆಯಿತು. ಬೇರೆ ಬೇರೆ ಊರಿನ ಇಂಥ ಕೆಲವೇ ಮಂದಿಯ ಟೇಪುಗಳನ್ನು ಒಟ್ಟುಮಾಡಿ, ಒಬ್ಬರಲ್ಲಿ ಕೆಟ್ಟ ಭಾಗವನ್ನು ಇನ್ನೊಬ್ಬರದರಿಂದ ತುಂಬಿ, ಪೂರ್ತಿ ಧ್ವನಿ ಸಿದ್ಧಪಡಿಸಿದರು. ಆ ಕೆಲಸ ಮಾಡಿದ ಮಾರ್ಕ್ ಏರ್ಸ್ ಕೂಡ ಅಭಿಮಾನಿಯೇ. ಧ್ವನಿಯ ಜೊತೆಗೆ ಚಿತ್ರವೂ ಬೇಕಲ್ಲ? ಜಾನ್ ಕ್ಯೂರಾ ಎಂಬ ಒಬ್ಬ ಛಾಯಾಗ್ರಾಹಕ ಟಿ.ವಿ. ಪರದೆಯ ಫೋಟೋ ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುವ ವೃತ್ತಿ ನಡೆಸಿದ್ದರು. ಒಂದು ಕಂತಿಗೆ ಅರವತ್ತು ಎಪ್ಪತ್ತು ಫೋಟೋ. ಹೋದ ಕಂತುಗಳಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾವ ಉಡುಪು ತೊಟ್ಟಿದ್ದರು ಎಂದು ಹೆಚ್ಚಿನ ಮಟ್ಟಿಗೆ ತಿಳಿಯುವುದು ಆ ಫೋಟೋಗಳಿಂದ.

ಈ ಉಳಿಕೆ ಏನು ಕೊಟ್ಟಿತು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 1964ರಲ್ಲಿ ‘ಮಾರ್ಕೋ ಪೋಲೋ’ ಎಂಬ ಕಥೆ ಏಳು ಕಂತುಗಳಲ್ಲಿ ಬಂತು. ಕುಬ್ಲಾಯ್ ಖಾನನ ಆಸ್ಥಾನದವರೆಗೆ ಮರುಭೂಮಿ ದಾಟಿ ಹೋಗುವ ಪ್ರಯಾಣ. ಹೆಚ್ಚಿನ ಕಂತುಗಳನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್. ಧಾರಾವಾಹಿಯ ಮೊಟ್ಟಮೊದಲ ಕಥೆಯ ನಿರ್ದೇಶಕರೂ ಅವರೇ. ಹುಟ್ಟಿದ್ದು ನಮ್ಮ ಲಖನೌದಲ್ಲಿ. ಆಗ ಇಪ್ಪತ್ತೈದರ ಆಸುಪಾಸಿನ ಯುವಕ. ತಾಯಿ ಅತ್ತಿಯಾ ಹುಸೇನ್ ಕಾದಂಬರಿಕಾರ್ತಿ, ಬಿಬಿಸಿ ರೇಡಿಯೋದಲ್ಲಿ ಭಾರತದ ಕೇಳುಗರಿಗಾಗಿ ಮಾತಾಡುತ್ತಿದ್ದವರು. ಆ ಏಳು ಕಂತುಗಳಲ್ಲಿ ಒಂದರ ಚಿತ್ರವೂ ಇಲ್ಲ. ಧ್ವನಿ ಪೂರ್ತಿ ಇದೆ. ಕೇಳಿದರೆ ಗಾಳಿ ಮರಳನ್ನು ತೂರುತ್ತದೆ, ನೀರು ಮುಗಿಯುತ್ತದೆ, ಮಾರ್ಕೋ ತನ್ನ ದಿನಚರಿಯನ್ನು ಓದುತ್ತಾನೆ. ಸಂಭಾಷಣೆ ಎಷ್ಟು ಗಟ್ಟಿಯಾಗಿದೆ ಎಂದರೆ ಚಿತ್ರವಿಲ್ಲದ ಕೊರತೆ ಅರ್ಧ ಗಂಟೆಯೊಳಗೆ ಮರೆಯುತ್ತದೆ. ಈ ಧಾರಾವಾಹಿಯ ಅತ್ಯುತ್ತಮ ಕಥೆಗಳಲ್ಲಿ ಅದೂ ಒಂದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೈಕ್ ಹಿಡಿದು ಕೂತ ಹುಡುಗರಿಲ್ಲದಿದ್ದರೆ ಹಾಗೆ ಹೇಳಲು ನನಗೆ ಆಧಾರವೇ ಇರುತ್ತಿರಲಿಲ್ಲ. ಕೆಲವು ಕಂತುಗಳ ಫಿಲಂ ದೂರದ ದೇಶಗಳಲ್ಲಿ ಸಿಕ್ಕಿದ್ದೂ ಉಂಟು. ಹಾಂಗ್‌ಕಾಂಗಿನಲ್ಲಿ, ನ್ಯೂಜಿಲೆಂಡಿನಲ್ಲಿ, 2013ರಲ್ಲಿ ನೈಜೀರಿಯಾದ ಜೋಸ್ ಎಂಬ ಊರಿನಲ್ಲಿ. ಲಂಡನ್ನಿನ ಒಂದು ಪ್ರಾರ್ಥನಾ ಮಂದಿರದ ನೆಲಮಾಳಿಗೆಯಲ್ಲೂ ಎರಡು ಸಿಕ್ಕಿದವು. ಆಸ್ಟ್ರೇಲಿಯಾದಲ್ಲಿ ಆದದ್ದು ಇನ್ನೂ ವಿಶೇಷ. ಮಕ್ಕಳಿಗೆ ಭಯವಾದೀತೆಂದು ಅಲ್ಲಿನ ಸೆನ್ಸಾರಿನವರು ಕೆಲವು ದೃಶ್ಯ ಕತ್ತರಿಸಿ ಕಡತದಲ್ಲಿ ಇಟ್ಟಿದ್ದರು. ಮೂವತ್ತು ವರ್ಷದ ಮೇಲೆ ಅಭಿಮಾನಿಗಳು ಹುಡುಕಿಕೊಂಡು ಹೋದರು. ಪೂರ್ತಿ ಕಂತುಗಳು ಎಲ್ಲೂ ಇಲ್ಲ, ಕತ್ತರಿಸಿದ ಚೂರುಗಳು ಭದ್ರವಾಗಿದ್ದವು.

ಕೇಳುಗರೇ, ಇಷ್ಟು ಹೊತ್ತು ಇಂಗ್ಲೆಂಡಿನ ಮಾತಾಯಿತು. ಮಾಡಿದವರು ಅಳಿಸಿದರು, ಕೇಳಿದವರು ಉಳಿಸಿದರು ಎಂಬಲ್ಲಿಗೆ ಬಂದೆವು. ಇದನ್ನು ನಮ್ಮ ಊರಿನಲ್ಲಿಟ್ಟು ನೋಡೋಣ. ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1958ರಲ್ಲಿ ಹುಟ್ಟಿದರು, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸುಮಾರು ಮೂವತ್ತೆರಡು ವರ್ಷದ ಬದುಕು. ಸಾಲಿಗ್ರಾಮ ಮೇಳದ ಭಾಗವತಿಕೆಯಲ್ಲಿ ಅವರು ಬಡಗುತಿಟ್ಟಿನ ಕಿವಿಯನ್ನೇ ಬದಲಿಸಿದರು. ‘ನಾಗಶ್ರೀ’ಯಂಥ ಪ್ರಸಂಗ ಬರೆದರು. ಅವರು ಹೋದ ಮೇಲೆ ಹುಟ್ಟಿದವರೂ ಇಂದು ಅವರ ಶೈಲಿಯ ಬಗ್ಗೆ ಜಗಳವಾಡಬಲ್ಲರು. ಹೇಗೆ? ಕ್ಯಾಸೆಟ್ಟಿನಿಂದ. ಎಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಕಂಕುಳಲ್ಲಿ ಹಿಡಿದು ಆಟಕ್ಕೆ ಹೋಗುವವರಿದ್ದರು. ರಂಗಸ್ಥಳದ ಬದಿಯಲ್ಲಿ, ಭಾಗವತರ ಧ್ವನಿ ಚೆನ್ನಾಗಿ ಬರುವ ಕಡೆ ಕೂರುತ್ತಿದ್ದರು. ಒಂದು ಬದಿ ಮುಗಿಯಿತೆಂದರೆ ಕತ್ತಲಲ್ಲೇ ತೆಗೆದು ಮಗುಚಿ ಹಾಕಬೇಕು. ಆ ಕೆಲವು ಸೆಕೆಂಡಿನಲ್ಲಿ ಪದ್ಯದ ಒಂದು ಸಾಲು ಹೋಗುತ್ತದೆ. ಕಂಪೆನಿಗಳು ಹೊರತಂದ ಕ್ಯಾಸೆಟ್ಟುಗಳಲ್ಲಿ ಆಯ್ದ ಪದ್ಯ, ಅಳತೆಯ ಸಮಯ. ಮನೆಯವರು ಹಿಡಿದದ್ದರಲ್ಲಿ ಇಡೀ ರಾತ್ರಿ ಇದೆ. ಚಂಡೆಯ ಪೆಟ್ಟು ಏರುವುದು, ಬೆಳಗಿನ ಜಾವಕ್ಕೆ ಭಾಗವತರ ಕಂಠ ಬದಲಾಗುವುದು, ಒಂದು ಪದ್ಯವನ್ನು ವೇಷಧಾರಿಯ ಕುಣಿತಕ್ಕಾಗಿ ಮತ್ತೆ ಮತ್ತೆ ಎತ್ತಿಕೊಡುವುದು, ಎಲ್ಲ ಅದರಲ್ಲಿದೆ. ಗೋಕರ್ಣದಲ್ಲಿ ಹುಟ್ಟಿ ನಮ್ಮ ಕಿರಿಮಂಜೇಶ್ವರದಲ್ಲಿ ನೆಲೆನಿಂತ ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ಬಹುಕಾಲ ಹಾಡಿ 2024ರಲ್ಲಿ ನಮ್ಮನ್ನು ಅಗಲಿದರು. ಅವರ ಹಾಡುಗಾರಿಕೆಯ ಬೇರೆ ಬೇರೆ ವಯಸ್ಸಿನ ರೂಪಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಬೇಕೆಂದರೂ ನಾವು ಅಭಿಮಾನಿಗಳ ಮನೆಗೇ ಹೋಗಬೇಕು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಜನಪದ ರಂಗಕಲೆಗಳ ಕೇಂದ್ರ ಧ್ವನಿ, ಚಿತ್ರ ದಾಖಲಿಸುವ ದೊಡ್ಡ ಕೆಲಸ ಮಾಡಿತು. ಆದರೆ ವರ್ಷದ ಆರು ತಿಂಗಳು ದಿನವೂ ಹತ್ತಾರು ಕಡೆ ನಡೆಯುವ ಆಟವನ್ನೆಲ್ಲ ಯಾವ ಸಂಸ್ಥೆ ತಾನೆ ಹಿಡಿದೀತು?

ಉಳಿಸಿದರು ಎಂದೆ. ಉಳಿಸಿ ಸುಮ್ಮನಾದರೆ? ಆ ಧಾರಾವಾಹಿಯ ಅಭಿಮಾನಿಗಳು ಸುಮ್ಮನಾಗಲಿಲ್ಲ. 1989ರ ಡಿಸೆಂಬರಿನಲ್ಲಿ ಬಿಬಿಸಿ ‘ಡಾಕ್ಟರ್ ಹೂ’ವನ್ನು ನಿಲ್ಲಿಸಿತು. 1996ರಲ್ಲಿ ಒಂದು ಟಿ.ವಿ. ಚಲನಚಿತ್ರ ಬಂದದ್ದು ಬಿಟ್ಟರೆ ಹದಿನೈದು ವರ್ಷ ಹೊಸ ಕಂತುಗಳಿಲ್ಲ. ಆ ವರ್ಷಗಳಲ್ಲಿ ಕಥೆಯನ್ನು ಮುಂದುವರಿಸಿದವರು ನೋಡಿ ಬೆಳೆದವರು. ಕಾದಂಬರಿ ಬರೆದರು. 1999ರಿಂದ ಬಿಗ್ ಫಿನಿಶ್ ಎಂಬ ಕಂಪೆನಿ ಹಳೆಯ ಡಾಕ್ಟರ್‌ಗಳನ್ನೇ ಕರೆಸಿ ಧ್ವನಿನಾಟಕ ಹೊರತಂದಿತು. ಅದನ್ನು ನಡೆಸಿದವರೂ ಅಭಿಮಾನಿಗಳೇ. ನಿಕೊಲಸ್ ಬ್ರಿಗ್ಸ್ ಎಂಬುವರು ಎಂಬತ್ತರ ದಶಕದಲ್ಲಿ ಗೆಳೆಯರೊಡನೆ ಹವ್ಯಾಸಕ್ಕೆಂದು ಕ್ಯಾಸೆಟ್ ನಾಟಕ ಮಾಡಿ ಅದರಲ್ಲಿ ತಾನೇ ಡಾಕ್ಟರ್ ಆಗಿದ್ದವರು. 2005ರಿಂದ ಬಿಬಿಸಿಯ ಧಾರಾವಾಹಿಯಲ್ಲಿ ಡಾಲೆಕ್‌ಗಳ ಧ್ವನಿ ಅವರದೇ. ಆ ವರ್ಷ ಧಾರಾವಾಹಿಯನ್ನು ಮತ್ತೆ ಎಬ್ಬಿಸಿದ ರಸೆಲ್ ಟಿ. ಡೇವಿಸ್, ಆಮೇಲೆ ಡಾಕ್ಟರ್ ಆದ ಡೇವಿಡ್ ಟೆನೆಂಟ್, ಪೀಟರ್ ಕಪಾಲ್ಡಿ, ಎಲ್ಲರೂ ಚಿಕ್ಕಂದಿನಿಂದ ಅದರ ಹುಚ್ಚಿನವರು. ಯಕ್ಷಗಾನದ ಚೌಕಿಯ ಮೂಲೆಯಲ್ಲಿ ಕೂತು ನೋಡುತ್ತಿದ್ದ ಹುಡುಗ ವೇಷಧಾರಿಯಾಗುವುದು ನಮಗೆ ಗೊತ್ತಿರುವ ದಾರಿ. ಅಲ್ಲಿಯೂ ಅದೇ ದಾರಿ.

ಈಗ ಎದುರು ಮಾತುಗಳನ್ನು ತೆಗೆದುಕೊಳ್ಳೋಣ. ಇದೊಂದು ಮಕ್ಕಳ ಧಾರಾವಾಹಿ, ರಬ್ಬರ್ ರಾಕ್ಷಸರ ಕಥೆ, ಹೋದರೆ ಹೋಯಿತು ಎನ್ನುವವರಿದ್ದಾರೆ. ಅವರಿಗೆ ನಾನು ಕೊಡುವ ಉತ್ತರ ಚಂದ್ರನ ಮೇಲಿದೆ. 1969ರ ಜುಲೈಯಲ್ಲಿ ಮನುಷ್ಯ ನಿಜವಾಗಿಯೇ ಚಂದ್ರನ ಮೇಲೆ ಇಳಿದ. ಆ ರಾತ್ರಿ ಬಿಬಿಸಿ ತನ್ನ ಸ್ಟುಡಿಯೋದಿಂದ ನಡೆಸಿದ ಪ್ರಸಾರದ ಬಹುಭಾಗ ಇಂದು ಇಲ್ಲ. ಚಂದ್ರನಿಂದ ನೇರವಾಗಿ ಬಂದ ಮೂಲ ಸಂಕೇತಗಳನ್ನು ಹಿಡಿದಿದ್ದ ಟೇಪುಗಳನ್ನು ಬಹುಶಃ ಅಳಿಸಿ ಮರುಬಳಕೆ ಮಾಡಿದ್ದೇವೆ ಎಂದು ಅಮೆರಿಕದ ನಾಸಾ ಸಂಸ್ಥೆಯೇ 2009ರಲ್ಲಿ ಹೇಳಿತು. ಕಲ್ಪನೆಯ ಪ್ರಯಾಣಕ್ಕೂ ನಿಜದ ಪ್ರಯಾಣಕ್ಕೂ ಒಂದೇ ಗತಿ. ಯಾವುದು ಕ್ಷುಲ್ಲಕ, ಯಾವುದು ಮಹತ್ತ್ವದ್ದು ಎಂದು ಆ ಹೊತ್ತಿನಲ್ಲಿ ನಿರ್ಣಯಿಸಿದವರು ಎರಡು ಕಡೆಯೂ ಸೋತಿದ್ದಾರೆ. ಆ ಹುಡುಗರಲ್ಲಿ ನಾನು ಮೆಚ್ಚುವ ಗುಣ ಇದೇ. ಅವರು ಚೆನ್ನಾಗಿದ್ದ ಕಂತನ್ನು ಮಾತ್ರ ಹಿಡಿಯಲಿಲ್ಲ. ಸಪ್ಪೆ ಕಥೆಯನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿದರು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಕಲಾವಿದನ ದುಡಿಮೆಯನ್ನು ಅವನನ್ನು ಕೇಳದೆ ಟೇಪಿಗಿಳಿಸುವುದು ತಪ್ಪಲ್ಲವೇ? ಮೇಳದ ಕಲಾವಿದರು ಇದನ್ನು ಹೇಳಿದಾಗ ಅದರಲ್ಲಿ ನೋವಿದೆ, ನ್ಯಾಯ ಇದೆ. ರಾತ್ರಿಯಿಡೀ ಬೆವರಿದವನಿಗೆ ಸಂಬಳ ಅಷ್ಟಕ್ಕಷ್ಟೆ, ಅವನ ಧ್ವನಿಯ ಪ್ರತಿ ಮಾರಿದವನಿಗೆ ಲಾಭ. ಇದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಇಟ್ಟುಕೊಳ್ಳುವುದು ಬೇರೆ, ಮಾರುವುದು ಬೇರೆ. ಆ ಇಂಗ್ಲಿಷ್ ಹುಡುಗರೂ ಅನುಮತಿ ಪಡೆದಿರಲಿಲ್ಲ. ಅವರು ಹಿಡಿದು ಇಟ್ಟುಕೊಂಡರು. ಬಿಬಿಸಿಗೆ ಬೇಕಾದಾಗ ಒಪ್ಪಿಸಿದರು. ಬಿಬಿಸಿ ಆ ಧ್ವನಿಗೆ ನಿರೂಪಣೆ ಸೇರಿಸಿ ಸಿ.ಡಿ. ತಂದಿತು. 2016ರಲ್ಲಿ ‘ಪವರ್ ಆಫ್ ದಿ ಡಾಲೆಕ್ಸ್’ ಎಂಬ ಕಥೆಗೆ ಹೊಸದಾಗಿ ಚಿತ್ರ ಬರೆಸಿ ಅದೇ ಧ್ವನಿ ಜೋಡಿಸಿ ಹೊರತಂದಿತು. ಹಕ್ಕು ಹಕ್ಕಿನವರಲ್ಲೇ ಉಳಿಯಿತು. ಕಾವಲು ಮಾತ್ರ ಬೇರೆಯವರದಾಗಿತ್ತು. ನಮ್ಮಲ್ಲೂ ಹಳೆಯ ಆಟದ ಧ್ವನಿ ಪ್ರಕಟವಾಗುವ ದಿನ ಬಂದರೆ, ಕಲಾವಿದರಿಗೆ, ಇಲ್ಲದವರ ಮನೆಯವರಿಗೆ, ಸಲ್ಲಬೇಕಾದದ್ದು ಸಲ್ಲಲೇಬೇಕು. ಸಲ್ಲಿಸುವುದಕ್ಕಾದರೂ ಮೊದಲು ಆ ಧ್ವನಿ ಇರಬೇಕಲ್ಲ.

ಅಭಿಮಾನಿಗಳು ಹಳತಿಗೆ ಅಂಟಿಕೊಳ್ಳುತ್ತಾರೆ, ಹೊಸತನ್ನು ಬೆಳೆಯಗೊಡುವುದಿಲ್ಲ ಎಂಬುದು ಇನ್ನೊಂದು ದೂರು. ನಟಿಯೊಬ್ಬರು ಡಾಕ್ಟರ್ ಆದಾಗ ಕೆಲವರು ಕೂಗಾಡಿದ್ದು ನಿಜ. ನಾವಡರ ಧಾಟಿ ಹೊಸದಾಗಿದ್ದಾಗ ಸಂಪ್ರದಾಯ ಕೆಟ್ಟಿತೆಂದು ಹೇಳಿದವರೂ ಇದ್ದರು. ಆದರೆ ಯೋಚಿಸಿ ನೋಡಿ. ಹಿಂದಿನದು ಕೈಯಲ್ಲಿಲ್ಲದಿದ್ದರೆ ನೆನಪು ಅದನ್ನು ದೇವರನ್ನಾಗಿ ಮಾಡುತ್ತದೆ. ಟೇಪು ಇದ್ದರೆ ಹಾಗಾಗುವುದಿಲ್ಲ. ನೈಜೀರಿಯಾದಲ್ಲಿ ಸಿಕ್ಕಿದ ‘ಎನಿಮಿ ಆಫ್ ದಿ ವರ್ಲ್ಡ್’ ಎಂಬ ಕಥೆ ಸಾಧಾರಣ ಎಂದೇ ಹೆಸರಾಗಿತ್ತು. ಟ್ರೌಟನ್ ಅದರಲ್ಲಿ ಡಾಕ್ಟರನೂ ಆಗಿ ಖಳನೂ ಆಗಿ ಎರಡು ಪಾತ್ರ ಮಾಡಿದ್ದಾರೆ. ಪೂರ್ತಿ ನೋಡಿದ ಮೇಲೆ ಹಲವರು ಅಭಿಪ್ರಾಯ ತಿದ್ದಿಕೊಂಡರು. ದಾಖಲೆ ಹಳತನ್ನು ಅದರ ಅಳತೆಗೆ ತರುತ್ತದೆ. ಹೊಸಬರಿಗೆ ಅದರಿಂದ ಅನುಕೂಲವೇ.

ಕೊನೆಯದಾಗಿ, ಈಗ ಎಲ್ಲ ಮೊಬೈಲಿನಲ್ಲಿದೆ, ಯೂಟ್ಯೂಬಿನಲ್ಲಿದೆ, ಇನ್ನೇನು ಚಿಂತೆ ಎನ್ನುವವರಿಗೆ ಒಂದೆರಡು ಮಾತು. ಯೂಟ್ಯೂಬಿಗೆ ಏರಿಸಿದವರು ತಮ್ಮ ಖಾತೆ ಮುಚ್ಚಿದರೆ ಅದರೊಳಗಿನದೂ ಹೋಗುತ್ತದೆ. ಮೊಬೈಲು ನೀರಿಗೆ ಬಿದ್ದರೆ ಹೋಗುತ್ತದೆ. ಅದಿರಲಿ, ಮೂವತ್ತು ನಲವತ್ತು ವರ್ಷ ಹಿಂದಿನ ಕ್ಯಾಸೆಟ್ಟುಗಳು ಅಲ್ಲಿಗೆ ಏರಿಯೇ ಇಲ್ಲ. ಅವು ನಾಗೂರು, ನಾವುಂದ, ಉಪ್ಪುಂದ, ಕೋಟ, ಮಂದಾರ್ತಿ ಕಡೆಯ ಮನೆಗಳ ಅಟ್ಟದಲ್ಲಿ, ಗೋಡೆ ಕಪಾಟಿನಲ್ಲಿ ಇವೆ. ನಮ್ಮ ಮಳೆಗಾಲದ ಥಂಡಿಗೆ ಟೇಪಿನ ಮೇಲೆ ಬೂಸು ಹಿಡಿಯುತ್ತದೆ, ಪಟ್ಟಿ ಒಂದಕ್ಕೊಂದು ಅಂಟುತ್ತದೆ, ಒಳಗಿನ ಸಣ್ಣ ಸ್ಪ್ರಿಂಗ್ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಈ ಬೇಸಗೆಯಲ್ಲಿ ಅವನ್ನು ಕೆಳಗಿಳಿಸಿ. ಬಿಳಿ ಬೂಸು ಕಂಡ ಕ್ಯಾಸೆಟ್ಟನ್ನು ನೇರವಾಗಿ ಯಂತ್ರಕ್ಕೆ ಹಾಕಬೇಡಿ. ಹಾಕಿದರೆ ಆ ಬೂಸು ಯಂತ್ರದಿಂದ ಉಳಿದ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅಂಥದ್ದನ್ನು ಬೇರೆ ಇಟ್ಟು, ಬಲ್ಲವರ ಕೈಯಲ್ಲಿ ಶುದ್ಧ ಮಾಡಿಸಿ. ಚೆನ್ನಾಗಿರುವುದನ್ನು ಪೆನ್ಸಿಲ್ ತೂರಿಸಿ ನಿಧಾನಕ್ಕೆ ಒಂದೆರಡು ಸುತ್ತು ತಿರುಗಿಸಿ ಸಡಿಲ ಇದೆಯೇ ನೋಡಿ. ಸ್ಪೀಕರ್ ಪೆಟ್ಟಿಗೆಯ ಮೇಲೆ ಇಡಬೇಡಿ, ಅದರ ಅಯಸ್ಕಾಂತ ಧ್ವನಿಯನ್ನು ಕೆಡಿಸುತ್ತದೆ. ಮನೆಯ ಮಕ್ಕಳಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಎರಡು ಪ್ರತಿ ಮಾಡಿ, ಎರಡನ್ನೂ ಒಂದೇ ಮನೆಯಲ್ಲಿ ಇಡಬೇಡಿ. ಇಳಿಸಿದ ಮೇಲೂ ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ, ಇಂದಿಗಿಂತ ಚೆನ್ನಾಗಿ ಇಳಿಸುವ ಯಂತ್ರ ನಾಳೆ ಬಂದೀತು. ಎಲ್ಲಕ್ಕಿಂತ ಮೊದಲು ಒಂದು ಚೀಟಿ ಬರೆದು ಅದರೊಳಗಿಡಿ. ಯಾವ ಪ್ರಸಂಗ, ಯಾವ ಮೇಳ, ಯಾರ ಮನೆಯ ಹರಕೆ ಆಟ, ಭಾಗವತರು ಯಾರು, ಮದ್ದಳೆ ಚಂಡೆಗೆ ಯಾರು ಎಂದು. ಇಸವಿ ಮರೆತಿದ್ದರೆ ಆ ವರ್ಷ ಊರಿನಲ್ಲಿ ನಡೆದ ಯಾವುದಾದರೂ ಒಂದು ಸಂಗತಿ ಬರೆಯಿರಿ. ಅದರಿಂದ ಇಸವಿಯನ್ನು ಮುಂದೆ ಯಾರಾದರೂ ಹುಡುಕಿಕೊಳ್ಳುತ್ತಾರೆ.